ಮಗುವಿನ ಕೈಗೆ ಕೆಲಸ, ಮನಸ್ಸಿಗೆ ಸ್ವಾತಂತ್ರ್ಯ: ಶಿಕ್ಷಕ ಡಾ. ಝಾಕಿರ್ ಹುಸೇನ್

ಮಕ್ಕಳನ್ನು ಪ್ರೀತಿಸದ ತಂದೆ ತಾಯಿ ಇಲ್ಲ. ಮಗುವಿಗೆ ನೋವಾಗಬಾರದು, ಮಗು ದಣಿಯಬಾರದು, ಸೋಲಬಾರದು ಎಂದು ನಾವೆಲ್ಲ ಬಯಸುತ್ತೇವೆ. ಆ ಬಯಕೆಯಿಂದಲೇ ಮಗುವಿನ ಚೀಲವನ್ನು ನಾವು ಹೊರುತ್ತೇವೆ, ಶೂ ಲೇಸನ್ನು ನಾವು ಕಟ್ಟುತ್ತೇವೆ, ಪ್ರಾಜೆಕ್ಟಿನ ಚಿತ್ರವನ್ನೂ ನಾವೇ ಬರೆದು ಕೊಡುತ್ತೇವೆ. ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ಬ್ಯಾಂಕಿನಲ್ಲಿ ಒಂದು ಚಲನ್ ತುಂಬಲು ಬರುವುದಿಲ್ಲ ಎಂದು ನಂತರ ನಾವೇ ದೂರುತ್ತೇವೆ. ತಪ್ಪು ಯಾರದು?

ಈ ಪ್ರಶ್ನೆ ಮನಸ್ಸಿಗೆ ಬಂದಾಗಲೆಲ್ಲ ನನಗೆ ಡಾ. ಝಾಕಿರ್ ಹುಸೇನರ ನೆನಪಾಗುತ್ತದೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಅವರು ಭಾರತದ ಮೂರನೆಯ ರಾಷ್ಟ್ರಪತಿ, ಆ ಹುದ್ದೆಗೇರಿದ ಮೊದಲ ಮುಸ್ಲಿಮ್. ನಮ್ಮ ವಿದ್ಯಾರ್ಥಿಗಳಿಗೆ ಅವರ ಬಗ್ಗೆ ಗೊತ್ತಿರುವುದು ಹೆಚ್ಚಾಗಿ ಇಷ್ಟೇ. ಆದರೆ ಅವರು ರಾಷ್ಟ್ರಪತಿಯಾಗಿದ್ದುದು ಎರಡು ವರ್ಷಕ್ಕೂ ಕಡಿಮೆ ಅವಧಿ. ಅದಕ್ಕೆ ಮುಂಚೆ 22 ವರ್ಷ ಅವರು ದೆಹಲಿಯ ಒಂದು ಬಡ ವಿದ್ಯಾಸಂಸ್ಥೆಯನ್ನು ನಡೆಸಿದರು. ಮಕ್ಕಳನ್ನು ಸಮರ್ಥರನ್ನಾಗಿ, ಸ್ವತಂತ್ರರನ್ನಾಗಿ ಬೆಳೆಸುವುದು ಹೇಗೆಂದು ಆ ಅವಧಿಯಲ್ಲಿ ಮಾಡಿ ತೋರಿಸಿದರು. ಈ ಲೇಖನ ಆ ಝಾಕಿರ್ ಹುಸೇನರ ಬಗ್ಗೆ.

ಬೇಗನೆ ಬಂದ ಹೊಣೆ

ಝಾಕಿರ್ ಹುಸೇನ್ 1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಹಿರಿಯರ ಊರು ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯ ಕಾಯಮ್‌ಗಂಜ್. ತಂದೆ ಫಿದಾ ಹುಸೇನ್ ಖಾನ್ ಹೈದರಾಬಾದಿನಲ್ಲಿ ಹೆಸರು ಮಾಡಿದ ವಕೀಲರು. ಏಳು ಮಂದಿ ಗಂಡು ಮಕ್ಕಳಲ್ಲಿ ಝಾಕಿರ್ ಮೂರನೆಯವರು. ಅವರಿಗೆ ಹತ್ತು ವರ್ಷ ಆಗುವಷ್ಟರಲ್ಲಿ ತಂದೆ ತೀರಿಕೊಂಡರು. ತಾಯಿ ನಾಝ್‌ನೀನ್ ಬೇಗಮ್ ಮಕ್ಕಳನ್ನು ಕರೆದುಕೊಂಡು ಕಾಯಮ್‌ಗಂಜಿಗೆ ಮರಳಿದರು.

ಆ ತಾಯಿ ಮಕ್ಕಳನ್ನು ಸೆರಗಿಗೆ ಕಟ್ಟಿಕೊಂಡು ಕೂರಲಿಲ್ಲ. ಝಾಕಿರ್‌ರನ್ನು ಇಟಾವಾ ಎಂಬ ಊರಿನ ಇಸ್ಲಾಮಿಯಾ ಹೈಸ್ಕೂಲಿಗೆ ಕಳುಹಿಸಲಾಯಿತು. ಅದು ವಸತಿ ಶಾಲೆ. ಸರಳ ಊಟ, ಸರಳ ಬಟ್ಟೆ, ಹೊತ್ತಿಗೆ ಸರಿಯಾಗಿ ನಮಾಝ್, ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವ ಶಿಸ್ತು. ಮುಖ್ಯೋಪಾಧ್ಯಾಯರಾಗಿದ್ದ ಸೈಯದ್ ಅಲ್ತಾಫ್ ಹುಸೇನರು ಹುಡುಗರನ್ನು ಬರೀ ಪಾಠ ಒಪ್ಪಿಸುವವರನ್ನಾಗಿ ಮಾಡದೆ, ಮಾತನಾಡಲು, ಯೋಚಿಸಲು ಪ್ರೋತ್ಸಾಹಿಸಿದರು. 1911ರಲ್ಲಿ ಇಟಲಿ ಟ್ರಿಪೋಲಿಯ ಮೇಲೆ ದಾಳಿ ಮಾಡಿದಾಗ ಯುದ್ಧದ ಸುದ್ದಿ ತಿಳಿಯಲು ಈ ಹುಡುಗ ಪತ್ರಿಕೆಗಾಗಿ ಕಾಯುತ್ತಿದ್ದ. ಸಂತ್ರಸ್ತರಿಗಾಗಿ ಚಂದಾ ಎತ್ತಲು ಜನರ ಮುಂದೆ ನಿಂತು ಮಾತನಾಡುತ್ತಿದ್ದ. ಹದಿನಾಲ್ಕರ ಹರೆಯದಲ್ಲಿ ಲೋಕದ ನೋವನ್ನು ತನ್ನದೆಂದುಕೊಳ್ಳುವ ಅವಕಾಶ ಅವನಿಗೆ ಸಿಕ್ಕಿತು.

ಅದೇ 1911ರಲ್ಲಿ ಕಾಯಮ್‌ಗಂಜಿಗೆ ಬಂದ ಪ್ಲೇಗ್ ರೋಗ ತಾಯಿಯನ್ನೂ ಬಲಿ ತೆಗೆದುಕೊಂಡಿತು. ತಂದೆಯೂ ಇಲ್ಲ, ತಾಯಿಯೂ ಇಲ್ಲ. ಆದರೆ ಆ ಹುಡುಗ ದಾರಿ ತಪ್ಪಲಿಲ್ಲ. ತನ್ನ ಓದು, ತನ್ನ ಹಣ, ತನ್ನ ಸಮಯ ಇವುಗಳನ್ನು ತಾನೇ ನೋಡಿಕೊಳ್ಳುವುದನ್ನು ಅವನು ಆಗಲೇ ಕಲಿತಿದ್ದ. ಅನಾಥತನವನ್ನು ಯಾರೂ ಬಯಸುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ಹೊಣೆ ಹೊತ್ತ ಮಗು ಕಷ್ಟ ಬಂದಾಗ ಕುಸಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸ್ವಂತ ನಿರ್ಧಾರ

ವೈದ್ಯನಾಗಬೇಕೆಂದು ಝಾಕಿರ್ ಹುಸೇನ್ ಲಕ್ನೋದ ಕ್ರಿಶ್ಚಿಯನ್ ಕಾಲೇಜಿನಲ್ಲಿ ವಿಜ್ಞಾನ ಓದಲು ಹೊರಟರು. ಕಾಯಿಲೆ ಬಿದ್ದು ಓದು ನಿಂತಿತು. ಆಮೇಲೆ ಅಲೀಗಢದ ಎಂ.ಎ.ಓ. ಕಾಲೇಜಿಗೆ ಬಂದು ಅರ್ಥಶಾಸ್ತ್ರ ಓದಿದರು. ಒಳ್ಳೆಯ ವಾಗ್ಮಿಯೆಂದು ಹೆಸರಾದರು. 1920ರ ಅಕ್ಟೋಬರಿನಲ್ಲಿ ಗಾಂಧೀಜಿ ಮತ್ತು ಅಲಿ ಸಹೋದರರು ಅಲೀಗಢಕ್ಕೆ ಬಂದು, ಸರಕಾರದ ನೆರವು ಪಡೆಯುವ ಕಾಲೇಜನ್ನು ಬಿಟ್ಟು ಬನ್ನಿ ಎಂದು ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಬಿಟ್ಟು ಬರುವುದು ಸರಿ, ಬಂದ ಮೇಲೆ ಎಲ್ಲಿ ಓದುವುದು? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ 23 ವರ್ಷದ ಝಾಕಿರ್ ಹುಸೇನ್ ಒಬ್ಬರು. ಅವರು ದೆಹಲಿಗೆ ಹೋಗಿ ಹಕೀಮ್ ಅಜ್ಮಲ್ ಖಾನ್, ಡಾ. ಅನ್ಸಾರಿ ಮುಂತಾದ ನಾಯಕರನ್ನು ಕಂಡು, ನಮ್ಮದೇ ಒಂದು ರಾಷ್ಟ್ರೀಯ ವಿದ್ಯಾಸಂಸ್ಥೆ ಬೇಕೆಂದು ಕೇಳಿದರು. 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಮೌಲಾನಾ ಮಹಮೂದ್ ಹಸನರ ಹಸ್ತದಿಂದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭವಾಯಿತು.

1922ರಲ್ಲಿ ಅವರು ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆದರೆ ಅಲ್ಲಿಂದ ಅವರು ತಂದ ನಿಜವಾದ ಸಂಪತ್ತು ಪದವಿಯಲ್ಲ. ಜಾರ್ಜ್ ಕೆರ್ಶೆನ್‌ಸ್ಟೈನರ್ ಎಂಬ ಜರ್ಮನ್ ಶಿಕ್ಷಣ ತಜ್ಞರು ಆ ಕಾಲದಲ್ಲಿ ಕೆಲಸದ ಮೂಲಕ ಕಲಿಸುವ ಶಾಲೆಯ ಬಗ್ಗೆ ಬರೆಯುತ್ತಿದ್ದರು. ಮಗು ಕೇಳಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದು ಹೆಚ್ಚು. ಒಂದು ಕೆಲಸವನ್ನು ತಾನೇ ಯೋಚಿಸಿ, ತಾನೇ ಮಾಡಿ, ಸರಿಯಾಯಿತೇ ಎಂದು ತಾನೇ ಪರೀಕ್ಷಿಸಿದಾಗ ಮಗುವಿನಲ್ಲಿ ಗುಣ ಬೆಳೆಯುತ್ತದೆ. ಈ ವಿಚಾರ ಝಾಕಿರ್ ಹುಸೇನರ ಮನಸ್ಸಿನಲ್ಲಿ ಬೇರೂರಿತು.

ಅಷ್ಟರಲ್ಲಿ ಜಾಮಿಯಾ ಮುಚ್ಚುವ ಸ್ಥಿತಿಗೆ ಬಂದಿತ್ತು. ಖಿಲಾಫತ್ ಚಳವಳಿ ತಣ್ಣಗಾಗಿ ಹಣದ ಮೂಲ ಬತ್ತಿತ್ತು. 1925ರಲ್ಲಿ ಸಂಸ್ಥೆ ಅಲೀಗಢ ಬಿಟ್ಟು ದೆಹಲಿಯ ಕರೋಲ್ ಬಾಗ್‌ಗೆ ಬಂದಿತು. ಬರ್ಲಿನ್‌ನಲ್ಲಿದ್ದ ಝಾಕಿರ್ ಹುಸೇನ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಮೂವರು ಗೆಳೆಯರು ಸಂಸ್ಥೆಗಾಗಿ ದುಡಿಯಲು ನಿಶ್ಚಯಿಸಿ 1926ರಲ್ಲಿ ಹಿಂದಿರುಗಿದರು. 29 ವರ್ಷದ ಝಾಕಿರ್ ಹುಸೇನ್ ಶೈಖುಲ್ ಜಾಮಿಯಾ, ಅಂದರೆ ಕುಲಪತಿಯಾದರು. 1927ರ ಕೊನೆಯಲ್ಲಿ ಹಕೀಮ್ ಅಜ್ಮಲ್ ಖಾನರು ನಿಧನರಾದಾಗ ಇದ್ದ ಒಂದು ಆಸರೆಯೂ ತಪ್ಪಿತು. ಮರುವರ್ಷ ಅಧ್ಯಾಪಕರು ಒಂದು ಪ್ರತಿಜ್ಞೆ ಮಾಡಿದರು. ತಿಂಗಳಿಗೆ ರೂ. 150ಕ್ಕಿಂತ ಹೆಚ್ಚು ಸಂಬಳ ಪಡೆಯದೆ 20 ವರ್ಷ ಜಾಮಿಯಾದ ಸೇವೆ ಮಾಡುತ್ತೇವೆ ಎಂಬುದೇ ಆ ಪ್ರತಿಜ್ಞೆ. ಆ ಮೊತ್ತವೂ ಅನೇಕ ತಿಂಗಳು ಪೂರ್ತಿಯಾಗಿ ಕೈಗೆ ಬರುತ್ತಿರಲಿಲ್ಲ.

ಮಕ್ಕಳ ಬ್ಯಾಂಕು, ಮಕ್ಕಳ ಅಂಗಡಿ

ವಿದೇಶದಲ್ಲಿ ಡಾಕ್ಟರೇಟ್ ಪಡೆದ ಕುಲಪತಿಯೊಬ್ಬರು ಪದವಿ ತರಗತಿಗಳ ಕಡೆಗೆ ಹೆಚ್ಚು ಗಮನ ಕೊಡುವುದು ಸಹಜ. ಝಾಕಿರ್ ಹುಸೇನರು ಪ್ರಾಥಮಿಕ ಶಾಲೆಯನ್ನು ಜಾಮಿಯಾದ ಅಡಿಪಾಯವೆಂದು ತಿಳಿದರು. ಅಲ್ಲಿ ಅವರಿಗೆ ಸಿಕ್ಕಿದ ದೊಡ್ಡ ಬಲ ಅಬ್ದುಲ್ ಗಫ್ಫಾರ್ ಮುದ್ಹೋಲಿ ಎಂಬ ಶಿಕ್ಷಕರು. ಇವರು ಪ್ರಾಥಮಿಕ ಶಾಲೆಯಲ್ಲಿ ಪ್ರಾಜೆಕ್ಟ್ ವಿಧಾನವನ್ನು ತಂದರು. ಇಂದು ನಾವು ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ಚಾರ್ಟ್ ತಂದು ಅಂಟಿಸುವುದು ಎಂದುಕೊಂಡಿದ್ದೇವೆ. ಜಾಮಿಯಾದಲ್ಲಿ ಅದರ ಅರ್ಥ ಬೇರೆ ಇತ್ತು.

ಅಲ್ಲಿ ಮಕ್ಕಳದೇ ಒಂದು ಬ್ಯಾಂಕು ಇತ್ತು. ಮನೆಯಿಂದ ಬಂದ ಕೈಖರ್ಚಿನ ಹಣವನ್ನು ಮಕ್ಕಳು ಅದರಲ್ಲಿ ಇಡುತ್ತಿದ್ದರು, ಬೇಕಾದಾಗ ತೆಗೆಯುತ್ತಿದ್ದರು. ಲೆಕ್ಕ ಬರೆಯುವವರೂ ಮಕ್ಕಳೇ. ಮಕ್ಕಳದೇ ಒಂದು ಅಂಗಡಿ ಇತ್ತು. ಶಾಲೆಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ಅವರೇ ಮಾರುತ್ತಿದ್ದರು. ಮಕ್ಕಳ ಸರಕಾರವಿತ್ತು. ತೋಟವಿತ್ತು. ಲಾಭ ನಷ್ಟದ ಲೆಕ್ಕವನ್ನು ಪುಸ್ತಕದಿಂದ ಕಲಿಯುವ ಮಗುವಿಗೆ ಅದು ಅಂಕಗಣಿತ. ಅಂಗಡಿಯ ಗಲ್ಲಾದಲ್ಲಿ ನಾಲ್ಕಾಣೆ ಕಡಿಮೆ ಬಂದಾಗ ಹುಡುಕುವ ಮಗುವಿಗೆ ಅದು ಅಂಕಗಣಿತವೂ ಹೌದು, ಪ್ರಾಮಾಣಿಕತೆಯ ಪಾಠವೂ ಹೌದು.

ಇಂತಹ ಶಾಲೆಯಲ್ಲಿ ಶಿಕ್ಷಕನ ಕೆಲಸ ಕಡಿಮೆಯಾಗುತ್ತದೆ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಮಗು ತಪ್ಪು ಲೆಕ್ಕ ಬರೆಯುವಾಗ ಪೆನ್ನು ಕಸಿದುಕೊಂಡು ಸರಿ ಮಾಡುವುದು ಸುಲಭ. ಅದು ತಾನೇ ತಪ್ಪನ್ನು ಕಂಡುಹಿಡಿಯುವವರೆಗೆ ಕಾಯುವುದು ಕಷ್ಟ. ತೋಟಿಯನ್ನು ತಾನೇ ಮಾಡುವುದಕ್ಕೆ ಶಿಕ್ಷಕನಿಗೆ ಹತ್ತು ನಿಮಿಷ ಸಾಕು, ಮಕ್ಕಳಿಂದ ಮಾಡಿಸಲು ಹತ್ತು ದಿನ ಬೇಕು. ಆ ಹತ್ತು ದಿನವನ್ನು ಕೊಡುವುದೇ ಶಿಕ್ಷಣ.

1932ರ ಕೊನೆಯ ಹೊತ್ತಿಗೆ ಗೆರ್ಡಾ ಫಿಲಿಪ್ಸ್‌ಬೋರ್ನ್ ಎಂಬ ಜರ್ಮನ್ ಯಹೂದಿ ಮಹಿಳೆ ಜಾಮಿಯಾಕ್ಕೆ ಬಂದರು. ಬರ್ಲಿನ್‌ನಲ್ಲಿ ಝಾಕಿರ್ ಹುಸೇನರಿಗೆ ಪರಿಚಯವಾಗಿದ್ದವರು ಅವರು. ಚಿಕ್ಕ ಮಕ್ಕಳ ತರಗತಿಯ ಹೊಣೆ ಹೊತ್ತ ಅವರನ್ನು ಮಕ್ಕಳು ಆಪಾಜಾನ್ ಎಂದು ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಅವರನ್ನು ಜರ್ಮನ್ ಪ್ರಜೆಯೆಂದು ಬಂಧನದಲ್ಲಿಟ್ಟಿತು. ಬಿಡುಗಡೆಯಾದ ಮೇಲೆ ಮತ್ತೆ ಜಾಮಿಯಾಕ್ಕೇ ಬಂದರು. 1943ರಲ್ಲಿ ನಿಧನರಾದ ಅವರ ಸಮಾಧಿ ಜಾಮಿಯಾದಲ್ಲೇ ಇದೆ. ಒಬ್ಬ ಯಹೂದಿ ಮಹಿಳೆ ಮುಸ್ಲಿಮ್ ಮಕ್ಕಳ ಅಕ್ಕನಾಗಿ ಬಾಳಿದ ಈ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಅಡಿಗಲ್ಲು ಇಟ್ಟ ಪುಟ್ಟ ಕೈ

1935ರ ಮಾರ್ಚ್ 1ರಂದು ದೆಹಲಿಯ ಹೊರವಲಯದ ಓಖ್ಲಾದಲ್ಲಿ ಜಾಮಿಯಾದ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಇಡುವ ಸಮಾರಂಭ. ನಮ್ಮಲ್ಲಾದರೆ ಮಂತ್ರಿಗಳನ್ನೋ ದಾನಿಗಳನ್ನೋ ಹುಡುಕುತ್ತಿದ್ದೆವು. ಜಾಮಿಯಾದವರು ತಮ್ಮ ಶಾಲೆಯ ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿ ಅಬ್ದುಲ್ ಅಝೀಝ್ ಎಂಬ ಬಾಲಕನ ಕೈಯಿಂದ ಅಡಿಗಲ್ಲು ಇಡಿಸಿದರು. ದೊಡ್ಡವರು ಸುತ್ತ ನಿಂತು ನೋಡಿದರು. ಈ ಸಂಸ್ಥೆ ಯಾರಿಗಾಗಿ ಇದೆ, ಇದರ ಮಾಲೀಕರು ಯಾರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ.

ಝಾಕಿರ್ ಹುಸೇನರ ಬಗ್ಗೆ ಜಾಮಿಯಾದಲ್ಲಿ ಬಹಳ ಕಾಲದಿಂದ ಹೇಳಿಕೊಂಡು ಬಂದ ಒಂದು ಘಟನೆ ಇದೆ. ವಿದ್ಯಾರ್ಥಿಗಳು ಕೊಳಕು ಶೂ ಹಾಕಿಕೊಂಡು ಬರುತ್ತಿದ್ದರು. ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಒಂದು ದಿನ ಅವರು ಪಾಲಿಶ್ ಮತ್ತು ಬ್ರಷ್ ಹಿಡಿದು ಗೇಟಿನ ಬಳಿ ಕುಳಿತರು. ಕೊಳಕು ಶೂ ಹಾಕಿ ಬಂದವರ ಶೂಗಳನ್ನು ತಾವೇ ಉಜ್ಜತೊಡಗಿದರು. ಮರುದಿನದಿಂದ ಎಲ್ಲರ ಶೂ ಹೊಳೆಯತೊಡಗಿತು. ಬೈಗುಳವಿಲ್ಲ, ದಂಡವಿಲ್ಲ, ಬೆತ್ತವಿಲ್ಲ. ಮಗುವಿಗೆ ಸ್ವಾತಂತ್ರ್ಯ ಕೊಡುವುದೆಂದರೆ ಅದನ್ನು ಹೇಗೆ ಬೇಕಾದರೂ ಇರಲು ಬಿಡುವುದಲ್ಲ. ತಪ್ಪನ್ನು ಅದು ತಾನೇ ಅರಿತು ತಿದ್ದಿಕೊಳ್ಳುವಂತೆ ಮಾಡುವುದು. ಅದಕ್ಕೆ ಹಿರಿಯರು ತಮ್ಮ ದೊಡ್ಡಸ್ತಿಕೆಯನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ.

ಇನ್ನೊಂದು ಘಟನೆಯನ್ನು ಅವರ ಸಹೋದ್ಯೋಗಿಗಳು ನೆನೆಯುತ್ತಿದ್ದರು. ಪ್ರಾಥಮಿಕ ಶಾಲೆಯ ಫಲಿತಾಂಶದ ದಿನ. ಝಾಕಿರ್ ಹುಸೇನರು ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದರು. ಆಗ ಒಬ್ಬರು ಬಂದು ಕಿವಿಯಲ್ಲಿ ಏನೋ ಹೇಳಿದರು. ಅವರ ಪುಟ್ಟ ಮಗಳು ತೀರಿಕೊಂಡ ಸುದ್ದಿ ಅದು. ಅವರ ಮುಖ ಬಿಳಿಚಿತು, ಆದರೆ ಕೈ ನಿಲ್ಲಲಿಲ್ಲ. ಮಿಠಾಯಿ ಹಂಚಿ ಮುಗಿಸಿದ ಮೇಲೆ ಮನೆಗೆ ನಡೆದರು. ಅಷ್ಟು ಮಕ್ಕಳ ಸಂತೋಷವನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ನಂತರ ತಿಳಿಸಿದರಂತೆ. ಇದನ್ನು ಓದಿದಾಗ ನನಗೆ ಮೊದಲು ಆಶ್ಚರ್ಯವಾಯಿತು, ಮನೆಯಲ್ಲಿದ್ದ ಆ ತಾಯಿಯ ನೆನಪಾಗಿ ದುಃಖವೂ ಆಯಿತು. ಪರರ ಮಕ್ಕಳಿಗಾಗಿ ದುಡಿಯುವವರ ಮನೆಯವರು ತೆರುವ ಬೆಲೆ ಯಾವ ಇತಿಹಾಸದಲ್ಲೂ ದಾಖಲಾಗುವುದಿಲ್ಲ.

ಅಬ್ಬೂ ಖಾನನ ಮೇಕೆ

ಜಾಮಿಯಾದಿಂದ ಪಯಾಮೆ ತಅಲೀಮ್ ಎಂಬ ಮಕ್ಕಳ ಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಝಾಕಿರ್ ಹುಸೇನರು ರುಖಯ್ಯಾ ರೈಹಾನಾ ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆದರು. ಅವುಗಳಲ್ಲಿ ಅಬ್ಬೂ ಖಾನ್ ಕೀ ಬಕರೀ ಎಂಬ ಕಥೆ ಉರ್ದು ಓದಿದ ಎಲ್ಲರಿಗೂ ಗೊತ್ತು. ಫ್ರೆಂಚ್ ಲೇಖಕ ಅಲ್ಫಾನ್ಸ್ ದೋದೆಯ ಕಥೆಯೊಂದನ್ನು ಅವರು ನಮ್ಮ ನೆಲಕ್ಕೆ ಒಗ್ಗಿಸಿ ಬರೆದರು.

ಅಲ್ಮೋರಾದ ಅಬ್ಬೂ ಖಾನ್ ಒಂಟಿ ಮುದುಕ. ಮೇಕೆಗಳನ್ನು ಬಹಳ ಪ್ರೀತಿಯಿಂದ ಸಾಕುತ್ತಾನೆ. ಆದರೆ ಅವು ಹಗ್ಗ ಹರಿದುಕೊಂಡು ಬೆಟ್ಟಕ್ಕೆ ಓಡುತ್ತವೆ, ತೋಳದ ಬಾಯಿಗೆ ಬೀಳುತ್ತವೆ. ಕೊನೆಗೆ ಚಾಂದನಿ ಎಂಬ ಚೆಲುವಾದ ಮೇಕೆಯನ್ನು ತರುತ್ತಾನೆ. ಅದಕ್ಕೂ ಬೆಟ್ಟದ ಗಾಳಿಯ ಆಸೆ. ಅದು ಓಡಿಹೋಗದಿರಲೆಂದು ಮುದುಕ ಅದನ್ನು ಕೋಣೆಯಲ್ಲಿ ಕೂಡುತ್ತಾನೆ. ಕಿಟಕಿ ಮುಚ್ಚಲು ಮರೆಯುತ್ತಾನೆ. ಚಾಂದನಿ ಬೆಟ್ಟಕ್ಕೆ ಹೋಗಿ ಒಂದು ದಿನ ಮನಸಾರೆ ಬದುಕುತ್ತದೆ. ರಾತ್ರಿ ತೋಳ ಬಂದಾಗ ಓಡದೆ, ಬೆಳಗಾಗುವವರೆಗೂ ತನ್ನ ಪುಟ್ಟ ಕೊಂಬುಗಳಿಂದ ಹೋರಾಡಿ ಸಾಯುತ್ತದೆ. ಮರದ ಮೇಲಿನ ಹಕ್ಕಿಗಳು ಗೆದ್ದವರು ಯಾರೆಂದು ಚರ್ಚಿಸುತ್ತವೆ. ತೋಳ ಎಂದು ಹೆಚ್ಚಿನವು ಹೇಳುತ್ತವೆ. ಮುದಿ ಹಕ್ಕಿಯೊಂದು ಮಾತ್ರ ಚಾಂದನಿಯೇ ಗೆದ್ದಿತು ಎನ್ನುತ್ತದೆ.

ತರಗತಿಯಲ್ಲಿ ಈ ಕಥೆ ಹೇಳುವಾಗ ಮಕ್ಕಳು ಯಾವಾಗಲೂ ಚಾಂದನಿಯ ಪರ. ನಾನು ಮಾತ್ರ ಅಬ್ಬೂ ಖಾನನ ಬಗ್ಗೆ ಯೋಚಿಸುತ್ತೇನೆ. ಅವನು ಕೆಟ್ಟವನಲ್ಲ, ನಮ್ಮ ಹಾಗೆಯೇ ಪ್ರೀತಿಸುವವನು. ಅವನಿಗೆ ಗೊತ್ತಿದ್ದುದು ಎರಡೇ ದಾರಿ, ಹಗ್ಗ ಅಥವಾ ಕೋಣೆ. ಬೆಟ್ಟದ ಮೇಲೆ ಹೇಗೆ ಬದುಕಬೇಕೆಂದು ಅವನು ಮೇಕೆಗಳಿಗೆ ಎಂದೂ ಕಲಿಸಲಿಲ್ಲ. ಕಥೆಯಲ್ಲಿ ಅದು ಸಾಧ್ಯವಿಲ್ಲ, ಮನೆಯಲ್ಲಿ ಮತ್ತು ಶಾಲೆಯಲ್ಲಿ ಸಾಧ್ಯವಿದೆ. ಝಾಕಿರ್ ಹುಸೇನರ ಶಾಲೆ ಮಾಡಿದ್ದು ಅದನ್ನೇ.

ದುಡಿಮೆ ಬೇರೆ, ಶಿಕ್ಷಣ ಬೇರೆ

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ ಸೇರಿತು. ಕಸುಬಿನ ಮೂಲಕ ಶಿಕ್ಷಣ ಕೊಡಬೇಕು, ಮಕ್ಕಳು ತಯಾರಿಸಿದ ವಸ್ತುಗಳಿಂದ ಶಾಲೆಯ ಖರ್ಚು ನಡೆಯಬೇಕು ಎಂಬುದು ಗಾಂಧೀಜಿಯವರ ವಿಚಾರ. ಯೋಜನೆಯನ್ನು ರೂಪಿಸುವ ಸಮಿತಿಗೆ ಝಾಕಿರ್ ಹುಸೇನರೇ ಅಧ್ಯಕ್ಷರಾದರು. ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡ ಪಾಠ, ಇವು ಅದರ ಮುಖ್ಯ ಅಂಶಗಳು. ನಯೀ ತಾಲೀಮ್ ಅಥವಾ ಮೂಲ ಶಿಕ್ಷಣ ಎಂದು ಅದು ಪ್ರಸಿದ್ಧವಾಯಿತು.

ಆದರೆ ಅವರು ಎಲ್ಲದಕ್ಕೂ ತಲೆಯಾಡಿಸಲಿಲ್ಲ. ಶಾಲೆಯ ಖರ್ಚನ್ನು ಮಕ್ಕಳಿಂದಲೇ ಎತ್ತಬೇಕೆಂದು ಒತ್ತಾಯಿಸಿದರೆ ಶಿಕ್ಷಕರು ಗುಲಾಮರನ್ನು ದುಡಿಸುವ ಯಜಮಾನರಂತೆ ಆಗುತ್ತಾರೆ, ಬಡ ಮಕ್ಕಳ ಶ್ರಮದ ಶೋಷಣೆಯಾಗುತ್ತದೆ ಎಂದು ಅವರು ಗಾಂಧೀಜಿಯವರ ಸಮ್ಮುಖದಲ್ಲೇ ಎಚ್ಚರಿಸಿದರು. ಕೆಲಸ ಮಗುವಿನ ಬೆಳವಣಿಗೆಗಾಗಿ ಇರಬೇಕೇ ಹೊರತು ಮಗು ಉತ್ಪಾದನೆಗಾಗಿ ಇರಬಾರದು ಎಂಬುದು ಅವರ ನಿಲುವು. ಯೋಜನೆಗೆ ಮುಸ್ಲಿಮ್ ಲೀಗಿನವರು ತೀವ್ರ ವಿರೋಧ ಮಾಡಿದರು, ಅದರ ಬಿಸಿ ಝಾಕಿರ್ ಹುಸೇನರಿಗೂ ತಟ್ಟಿತು. ಅವರು ಜಗಳಕ್ಕೆ ಇಳಿಯದೆ ಹಿಂದುಸ್ತಾನಿ ತಾಲೀಮಿ ಸಂಘದ ಅಧ್ಯಕ್ಷರಾಗಿ ಕೆಲಸ ಮಾಡಿದರು. ಸ್ವಾತಂತ್ರ್ಯಾನಂತರ ಮೂಲ ಶಿಕ್ಷಣ ಹೆಸರಿಗಷ್ಟೇ ಉಳಿದಾಗ ತಮ್ಮ ಅಸಮಾಧಾನವನ್ನು ಮುಚ್ಚಿಡಲೂ ಇಲ್ಲ.

ಈ ಎಚ್ಚರಿಕೆ ನಮ್ಮ ಸಮುದಾಯಕ್ಕೆ ಬಹಳ ಮುಖ್ಯ. ನಮ್ಮಲ್ಲಿ ಒಂದು ಕಡೆ ನೀರಿನ ಲೋಟವನ್ನೂ ತಾನೇ ಎತ್ತಿಕೊಳ್ಳದ ಮಕ್ಕಳಿದ್ದಾರೆ. ಇನ್ನೊಂದು ಕಡೆ ಓದು ಬಿಟ್ಟು ಗ್ಯಾರೇಜಿನಲ್ಲಿ, ಹೋಟೆಲಿನಲ್ಲಿ ದುಡಿಯುವ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಮಕ್ಕಳನ್ನು ನಾವು ಕಂಡಿದ್ದೇವೆ. ಎರಡೂ ಅನ್ಯಾಯವೇ. ಮೊದಲನೆಯ ಮಗುವಿಗೆ ಕೆಲಸವಿಲ್ಲ, ಎರಡನೆಯ ಮಗುವಿಗೆ ಸ್ವಾತಂತ್ರ್ಯವಿಲ್ಲ. ಕೆಲಸ ಮತ್ತು ಸ್ವಾತಂತ್ರ್ಯ ಜೊತೆಗೂಡಿದಾಗ ಮಾತ್ರ ಅದು ಶಿಕ್ಷಣವಾಗುತ್ತದೆ.

ಬೆಂಕಿಯ ನಡುವೆ

1946ರ ನವೆಂಬರಿನಲ್ಲಿ ಜಾಮಿಯಾದ ಬೆಳ್ಳಿಹಬ್ಬ. ದೇಶದಲ್ಲಿ ಕೋಮು ಹಿಂಸೆ ಹಬ್ಬಿತ್ತು. ನೆಹರೂ, ಮೌಲಾನಾ ಆಝಾದ್, ರಾಜಾಜಿ, ಜಿನ್ನಾ, ಲಿಯಾಖತ್ ಅಲಿ ಖಾನ್ ಎಲ್ಲರನ್ನೂ ಝಾಕಿರ್ ಹುಸೇನರು ಒಂದೇ ವೇದಿಕೆಯಲ್ಲಿ ಕೂರಿಸಿದರು. ದ್ವೇಷದ ಈ ಬೆಂಕಿಯನ್ನು ಒಟ್ಟಾಗಿ ಆರಿಸಿ, ಮಾನವೀಯತೆಯೇ ಉಳಿಯದ ಲೋಕದಲ್ಲಿ ಮಕ್ಕಳನ್ನು ಮನುಷ್ಯರನ್ನಾಗಿ ಬೆಳೆಸುವುದು ಹೇಗೆ ಎಂದು ಅವರು ಶಿಕ್ಷಕನಾಗಿ ಬೇಡಿಕೊಂಡರು.

ಬೆಂಕಿ ಆರಲಿಲ್ಲ. 1947ರಲ್ಲಿ ಕರೋಲ್ ಬಾಗ್‌ನಲ್ಲಿದ್ದ ಜಾಮಿಯಾದ ಪುಸ್ತಕ ಮಳಿಗೆ ಸುಟ್ಟುಹೋಯಿತು. ಅದೇ ವರ್ಷ ರೈಲಿನಲ್ಲಿ ಹೋಗುತ್ತಿದ್ದ ಝಾಕಿರ್ ಹುಸೇನರನ್ನು ಜಲಂಧರ್ ನಿಲ್ದಾಣದಲ್ಲಿ ಗುಂಪು ಮುತ್ತಿತು. ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ನೌಕರ ಅವರ ಪ್ರಾಣ ಉಳಿಸಿದರು. ಅವರು ದೇಶ ಬಿಡಲಿಲ್ಲ, ಶಿಕ್ಷಣ ಕ್ಷೇತ್ರವನ್ನೂ ಬಿಡಲಿಲ್ಲ. 1948ರಲ್ಲಿ ಸಂಕಷ್ಟದಲ್ಲಿದ್ದ ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಕುಲಪತಿಯಾಗಿ ಎಂಟು ವರ್ಷ ದುಡಿದರು. 1957ರಿಂದ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತ ರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಗುಲಾಬಿ ಗಿಡಗಳೆಂದರೆ ಅವರಿಗೆ ಪ್ರಾಣ, ಹೋದಲ್ಲೆಲ್ಲ ತೋಟ ಮಾಡಿದರು. 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಅವರನ್ನು ದಫನ್ ಮಾಡಿದ್ದು ಜಾಮಿಯಾದ ಆವರಣದಲ್ಲಿ, ತಾವು ಬೆಳೆಸಿದ ಮಕ್ಕಳ ನಡುವೆ.

ನಮ್ಮ ಪಾಲಿನ ಕೆಲಸ

ಜಾಮಿಯಾದಲ್ಲಿ ಆಗ ಹಣವಿರಲಿಲ್ಲ, ದೊಡ್ಡ ಕಟ್ಟಡವಿರಲಿಲ್ಲ. ಆದುದರಿಂದ ಸೌಲಭ್ಯವಿಲ್ಲ ಎಂಬ ನೆಪ ನಮಗೂ ಬೇಡ. ತಂದೆ ತಾಯಂದಿರು ನಾಳೆಯಿಂದಲೇ ಆರಂಭಿಸಬಹುದು. ಆರು ವರ್ಷದ ಮಗು ತನ್ನ ತಟ್ಟೆ ತಾನೇ ತೊಳೆಯಲಿ. ಹತ್ತು ವರ್ಷದ ಮಗು ಅಂಗಡಿಗೆ ಹೋಗಿ ಸಾಮಾನು ತಂದು ಚಿಲ್ಲರೆಯ ಲೆಕ್ಕ ಒಪ್ಪಿಸಲಿ. ಈ ಕೆಲಸಗಳನ್ನು ಹೆಣ್ಣು ಮಕ್ಕಳು ಮಾತ್ರ ಕಲಿಯಬೇಕೆಂದಿಲ್ಲ, ಹೊರಗಿನ ವ್ಯವಹಾರ ಗಂಡು ಮಕ್ಕಳಿಗೆ ಮಾತ್ರ ಎಂದೂ ಇಲ್ಲ. ಲೋಟ ಒಡೆದೀತು, ಒಂದೆರಡು ರೂಪಾಯಿ ಕಳೆದೀತು. ಅದು ನಷ್ಟವಲ್ಲ, ಫೀಸು ಎಂದು ತಿಳಿಯೋಣ.

ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ವಾರ್ಷಿಕೋತ್ಸವದ ನಿರೂಪಣೆ, ಸ್ವಾಗತ, ಖರ್ಚಿನ ಲೆಕ್ಕ ಇವುಗಳನ್ನು ಒಂದು ವರ್ಷವಾದರೂ ವಿದ್ಯಾರ್ಥಿಗಳ ಕೈಗೆ ಕೊಟ್ಟು ನೋಡೋಣ. ತಡವರಿಸಿದರೆ ಮೈಕ್ ಕಸಿದುಕೊಳ್ಳದೆ ಕಾಯೋಣ.

ವಿದ್ಯಾರ್ಥಿಗಳೇ, ಸ್ವಾತಂತ್ರ್ಯವನ್ನು ಕೇಳುವ ಮುನ್ನ ಒಂದು ಕೆಲಸವನ್ನು ಕೇಳಿ ಪಡೆಯಿರಿ. ಅದನ್ನು ಕೊನೆಯವರೆಗೆ ಮಾಡಿ ಮುಗಿಸಿ. ಹೊಣೆ ಹೊತ್ತವನಿಗೆ ಹಿರಿಯರು ಸ್ವಾತಂತ್ರ್ಯವನ್ನು ತಾವಾಗಿಯೇ ಕೊಡುತ್ತಾರೆ. 1935ರಲ್ಲಿ ಓಖ್ಲಾದ ಬಯಲಿನಲ್ಲಿ ಒಬ್ಬ ಪುಟ್ಟ ಬಾಲಕನ ಕೈ ಇಟ್ಟ ಕಲ್ಲಿನ ಮೇಲೆ ಇಂದು ಒಂದು ಕೇಂದ್ರೀಯ ವಿಶ್ವವಿದ್ಯಾಲಯ ನಿಂತಿದೆ.